ಹಳೆಯ ಡೀಸೆಲ್ ಟ್ರ್ಯಾಕ್ಟರಿನ ಇಂಜಿನ್ ಬಿಚ್ಚಿ ಕಟ್ಟುವುದು, ಅದರ ವೈರಿಂಗ್ ದೋಷ ಹುಡುಕುವುದು

ಬೇಲೂರು, ಅರೇಹಳ್ಳಿ, ಸಕಲೇಶಪುರದ ಕಡೆ ಹಳೆಯ ಟ್ರ್ಯಾಕ್ಟರು ಇಟ್ಟುಕೊಂಡವರಿಗೆ ಇಂಜಿನ್ ಬಿಚ್ಚಲು ಒಳ್ಳೆಯ ಕಾಲವೆಂದರೆ ಫೆಬ್ರವರಿ ತಿಂಗಳು. ರಾಗಿ ಒಕ್ಕಣೆ ಮುಗಿದಿರುತ್ತದೆ, ಕಾಫಿ ಕೊಯ್ಲು ಕೊನೆಯ ಹಂತಕ್ಕೆ ಬಂದಿರುತ್ತದೆ, ಬೇಸಿಗೆಯ ಮೊದಲ ಮಳೆ ಬಿದ್ದು ಉಳುಮೆ ಶುರುವಾಗಲು ಇನ್ನೂ ಕೆಲವು ವಾರಗಳಿರುತ್ತವೆ. ಅದಕ್ಕಿಂತ ಮುಖ್ಯವಾದ ಕಾರಣ ಹವೆಯದು. ಮಲೆನಾಡಿನ ಜುಲೈ ತಿಂಗಳಲ್ಲಿ ಹೋನಿಂಗ್ ಮಾಡಿ (ಉಜ್ಜುಗಲ್ಲಿನಿಂದ ಒಳಮೈಗೆ ಸಣ್ಣ ಗೆರೆ ಹಾಕಿ) ತೊಳೆದಿಟ್ಟ ಲೈನರು, ಅಂದರೆ ಪಿಸ್ಟನ್ ಓಡಾಡುವ ಕೊಳವೆ, ನಾವು ಊಟ ಮುಗಿಸಿ ಬರುವಷ್ಟರಲ್ಲಿ ತುಕ್ಕಿನ ಕೆಂಪಿಗೆ ತಿರುಗಿರುತ್ತದೆ. ಮಳೆಗಾಲದಲ್ಲಿ ಅನಿವಾರ್ಯವಾಗಿ ಬಿಚ್ಚಬೇಕಾಗಿ ಬಂದರೆ ತೊಳೆದ ಭಾಗಕ್ಕೆ ತೊಳೆದ ಗಳಿಗೆಯಲ್ಲೇ ಎಣ್ಣೆ ಸವರಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡುವ ಶಿಸ್ತು ಬೇಕು.

ನಮ್ಮ ಮನೆಯಲ್ಲಿರುವುದು ಮೂರು ಸಿಲಿಂಡರಿನ, ನೀರಿನಿಂದ ತಣಿಯುವ, 12 ವೋಲ್ಟಿನ ಹಳೆಯ ಟ್ರ್ಯಾಕ್ಟರು. ಇಲ್ಲಿ ಬರೆದಿರುವುದೆಲ್ಲ ಅದನ್ನು ಎರಡು ಸಲ ಬಿಚ್ಚಿ ಕಟ್ಟಿದ ಅನುಭವದಿಂದ ಬಂದದ್ದು. 1959ರಲ್ಲಿ ಫರಿದಾಬಾದಿನಿಂದ ಹೊರಬಂದ ಐಷರ್ ಟ್ರ್ಯಾಕ್ಟರುಗಳ ಇಂಜಿನ್ನು ಗಾಳಿಯಿಂದ ತಣಿಯುವಂಥದ್ದು; 1971ರಿಂದ ಎಚ್‌ಎಂಟಿ ತಯಾರಿಸಿದ ಜೆಟರ್ 2511 ಎರಡು ಸಿಲಿಂಡರಿನದು, ಅದರ ಲೈನರಿನ ಹೊರಮೈಗೆ ನೀರು ನೇರವಾಗಿ ತಾಗುತ್ತದೆ. ಇಂಥ ವ್ಯತ್ಯಾಸಗಳು ಇರುವುದರಿಂದ ಇಲ್ಲಿ ಕೊಟ್ಟಿರುವ ಅಂಕಿಗಳನ್ನು ಸಾಮಾನ್ಯ ಅಂದಾಜೆಂದು ತಿಳಿದು, ಕೊನೆಯ ಅಳತೆಯನ್ನು ನಿಮ್ಮ ಟ್ರ್ಯಾಕ್ಟರಿನ ವರ್ಕ್‌ಶಾಪ್ ಪುಸ್ತಕದಿಂದಲೇ ತೆಗೆದುಕೊಳ್ಳಬೇಕು. ಆ ಪುಸ್ತಕ, ಬೋಲ್ಟಿನ ಬಿಗಿತ ಅಳೆಯುವ ಒಂದು ಟಾರ್ಕ್ ರೆಂಚು, ಸಣ್ಣ ಸಂದು ಅಳೆಯುವ ಒಂದು ಫೀಲರ್ ಗೇಜು ಮತ್ತು ವೋಲ್ಟ್ ಅಳೆಯಲು ಸಾಧಾರಣ ಬೆಲೆಯ ಒಂದು ಮಲ್ಟಿಮೀಟರು, ಈ ನಾಲ್ಕು ಕೈಯಲ್ಲಿಲ್ಲದೆ ಸ್ಪ್ಯಾನರು ಹಿಡಿಯಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಅಳೆಯದೆ ಬಿಚ್ಚಿದ ಇಂಜಿನ್ನಿಗೂ ಅಳೆಯದೆ ಬದಲಿಸಿದ ಡೈನಮೋಗೂ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ರೈತ ಕೊಡುವ ದಂಡ ಒಂದೇ ಬಗೆಯದು: ಚೆನ್ನಾಗಿದ್ದ ಭಾಗಕ್ಕೆ ಹಣ ಹೋಗುತ್ತದೆ, ಕೆಟ್ಟ ಭಾಗ ಹಾಗೆಯೇ ಉಳಿಯುತ್ತದೆ.

ಬಿಚ್ಚುವ ಮೊದಲು

ಹೊಗೆ ಬಂತೆಂದ ಮಾತ್ರಕ್ಕೆ ಇಂಜಿನ್ ಸವೆದಿದೆ ಎಂದು ತೀರ್ಮಾನಿಸಬಾರದು. ಕಪ್ಪು ಹೊಗೆಗೆ ಹೆಚ್ಚಿನ ಸಲ ಕಟ್ಟಿಕೊಂಡ ಏರ್ ಕ್ಲೀನರೋ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್ ಕೆಟ್ಟದ್ದೋ ಕಾರಣವಾಗಿರುತ್ತದೆ. ಬೆಳಗಿನ ಚಳಿಯಲ್ಲಿ ಬಂದು ಇಂಜಿನ್ ಬಿಸಿಯಾದ ಮೇಲೆ ನಿಲ್ಲುವ ಬಿಳಿ ಹೊಗೆ ಸುಡದೆ ಉಳಿದ ಡೀಸೆಲ್ಲಿನದು. ಬಿಸಿಯಾದ ಮೇಲೂ ಬರುತ್ತಿದ್ದು, ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟನ್ನೋ ಬಿರುಕನ್ನೋ ಸಂಶಯಿಸಬೇಕು. ನೀಲಿ ಹೊಗೆಯ ಜೊತೆಗೆ ಇಂಜಿನ್ನಿನ ಉಸಿರು ಕೊಳವೆಯಾದ ಬ್ರೀದರಿನಿಂದ ಬ್ಯಾಕ್ ಕಂಪ್ರೆಷನ್ (ರಿಂಗು ದಾಟಿ ಕೆಳಗೆ ಸೋರಿದ ಗಾಳಿ) ಬುಸುಗುಟ್ಟುತ್ತಿದ್ದು, ಎಣ್ಣೆಯೂ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಮಾತ್ರ ರಿಂಗು ಮತ್ತು ಲೈನರಿನ ಮಾತು ಬರುತ್ತದೆ.

ನಾಜಲ್ ತೆಗೆದು ಆ ರಂಧ್ರಕ್ಕೆ ಡೀಸೆಲ್ ಇಂಜಿನ್ನಿನ ಗೇಜನ್ನೇ ಜೋಡಿಸಿ ಕಂಪ್ರೆಷನ್ ನೋಡಬೇಕು. ಒಳ್ಳೆಯ ಸ್ಥಿತಿಯ ಇಂಜಿನ್ನಿನಲ್ಲಿ ಅದು ಸಾಮಾನ್ಯವಾಗಿ 25ರಿಂದ 30 ಬಾರ್ ಆಸುಪಾಸಿನಲ್ಲಿರುತ್ತದೆ. ಆದರೆ ಒಟ್ಟು ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಹೆಚ್ಚು ಹೇಳುತ್ತದೆ. ಪೆಟ್ರೋಲ್ ಇಂಜಿನ್ನಿನಲ್ಲಿ ಮಾಡುವಂತೆ ಸಿಲಿಂಡರಿಗೆ ಎಣ್ಣೆ ಸುರಿದು ಮತ್ತೆ ಅಳೆಯುವ ಪರೀಕ್ಷೆಯನ್ನು ಇಲ್ಲಿ ಮಾಡಕೂಡದು. ಡೀಸೆಲ್ ಇಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಉಳಿಯುವ ಜಾಗ ಬಹಳ ಕಡಿಮೆಯಾದ್ದರಿಂದ ಎಣ್ಣೆಯೇ ಆ ಜಾಗ ತುಂಬಿ ಸುಳ್ಳು ಅಂಕಿ ತೋರಿಸುತ್ತದೆ, ಎಣ್ಣೆ ಹೆಚ್ಚಾದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕಾನ್ ರಾಡ್ ಬಾಗುವ ಅಪಾಯವೂ ಇದೆ.

ಒಕ್ಕಣೆಯ ಕಣದಲ್ಲಿ ದಿನವಿಡೀ ನಿಂತ ಟ್ರ್ಯಾಕ್ಟರಾದರೆ ಎಣ್ಣೆ ಬಟ್ಟಲಿನ ಏರ್ ಕ್ಲೀನರನ್ನು ತಪ್ಪದೆ ಬಿಚ್ಚಿ ನೋಡಿ. ತಳದಲ್ಲಿ ಕೆಸರು ಗಟ್ಟಿಯಾಗಿ ಕೂತಿದ್ದರೆ, ಅಥವಾ ಏರ್ ಕ್ಲೀನರಿನಿಂದ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರು ಪೈಪು ಸೀಳಿದ್ದರೆ ಲೈನರ್ ಸವೆತದ ಮೂಲ ಅಲ್ಲಿಯೇ ಸಿಕ್ಕಿತು. ಅದನ್ನು ಸರಿಪಡಿಸದೆ ಹೊಸ ರಿಂಗು ಹಾಕಿದರೆ ಅವು ಒಂದೆರಡು ಹಂಗಾಮಿನಲ್ಲೇ ಸವೆದು ಹೋಗುತ್ತವೆ.

ಇಂಜಿನ್ ಬಿಚ್ಚುವುದು

ಟ್ರ್ಯಾಕ್ಟರಿಗೆ ಲಾರಿಯಂತೆ ಪ್ರತ್ಯೇಕ ಚಾಸಿ ಇರುವುದಿಲ್ಲ. ಮುಂದಿನ ಆಕ್ಸಲ್, ಇಂಜಿನ್, ಗೇರ್ ಬಾಕ್ಸ್ ಒಂದಕ್ಕೊಂದು ಬೋಲ್ಟಾಗಿ, ಇಂಜಿನ್ನೇ ನಡುವಿನ ಬೆನ್ನೆಲುಬಾಗಿರುತ್ತದೆ. ಕೆಲವು ಮಾದರಿಗಳಲ್ಲಿ ಎರಕದ ಸಂಪ್ (ಇಂಜಿನ್ನಿನ ತಳದ ಎಣ್ಣೆ ತೊಟ್ಟಿ) ಕೂಡ ಭಾರ ಹೊರುವ ಭಾಗವೇ. ಆದ್ದರಿಂದ ಇಂಜಿನ್ ಇಳಿಸುವುದೆಂದರೆ ಟ್ರ್ಯಾಕ್ಟರನ್ನು ಎರಡು ಭಾಗ ಮಾಡಿದಂತೆ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಮರದ ಅಡೆ ಕೊಟ್ಟು, ಗೇರ್ ಬಾಕ್ಸಿನ ಕೆಳಗೆ ಗಟ್ಟಿ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಭಾರವನ್ನು ಅದರ ಮೇಲೆ ಕೂರಿಸಬೇಕು. ಜಾಕನ್ನು ಮಾತ್ರ ನಂಬಬಾರದು. ಮುಂದಿನ ಆಕ್ಸಲ್ ನಡುಪಿನ್ನಿನ ಮೇಲೆ ತೂಗಾಡುವಂಥದ್ದಾದ್ದರಿಂದ ಅದಕ್ಕೂ ಅದರ ಸಪೋರ್ಟಿಗೂ ನಡುವೆ ಎರಡೂ ಬದಿಯಲ್ಲಿ ಮರದ ಬೆಣೆ ಬಡಿಯದಿದ್ದರೆ ಬೇರ್ಪಟ್ಟ ಮುಂಭಾಗ ಒಂದು ಕಡೆಗೆ ಮಗುಚುತ್ತದೆ. ಅವಸರದಲ್ಲಿ ಬಿಟ್ಟುಹೋಗುವುದು ಹೆಚ್ಚಾಗಿ ಈ ಬೆಣೆಯೇ, ಕಾಲು ಸಿಕ್ಕಿಬೀಳುವುದೂ ಇಲ್ಲಿಯೇ.

ಬಿಚ್ಚುತ್ತ ಹೋದಂತೆ ಪ್ರತಿ ಹಂತದಲ್ಲೂ ಫೋನಿನಲ್ಲಿ ಚಿತ್ರ ತೆಗೆಯುವುದು ಒಳ್ಳೆಯ ಅಭ್ಯಾಸ. ವಾಲ್ವುಗಳನ್ನು ತೆರೆಸುವ ಪುಶ್ ರಾಡುಗಳನ್ನು ಮತ್ತು ಟ್ಯಾಪೆಟ್ಟುಗಳನ್ನು ರಟ್ಟಿನಲ್ಲಿ ತೂತು ಮಾಡಿ ಕ್ರಮವಾಗಿ ಸಿಕ್ಕಿಸಿಡಬೇಕು. ಕಾನ್ ರಾಡ್ ಮತ್ತು ಅದರ ಕ್ಯಾಪ್ ಜೋಡಿಯಾಗಿಯೇ ಬೋರ್ ಆದವು. ಅವುಗಳ ಮೇಲಿನ ಸಂಖ್ಯೆ, ಆ ಸಂಖ್ಯೆ ಯಾವ ಬದಿಗಿತ್ತೆಂಬುದು, ಮೇನ್ ಬೇರಿಂಗ್ ಕ್ಯಾಪುಗಳ ಸ್ಥಾನ ಇವೆಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿ. ತೆಗೆದ ಬೇರಿಂಗುಗಳನ್ನು ಎಸೆಯದೆ ಸಾಲಾಗಿ ಇಟ್ಟು ನೋಡಬೇಕು. ಒಂದು ಬದಿಯಲ್ಲಿ ಮಾತ್ರ ಸವೆದಿದ್ದರೆ ಕಾನ್ ರಾಡ್ ಸೊಟ್ಟಗಾಗಿರಬಹುದು. ಎಲ್ಲವೂ ಗೀರು ಬಿದ್ದಿದ್ದರೆ ಎಣ್ಣೆಯಲ್ಲಿ ಮಣ್ಣಿತ್ತು. ತಾಮ್ರದ ಬಣ್ಣ ಕಾಣುತ್ತಿದ್ದರೆ ಮೇಲಿನ ಪದರ ಪೂರ್ತಿ ಸವೆದಿದೆ. ಪಿಸ್ಟನ್ನನ್ನು ಮೇಲಕ್ಕೆ ತಳ್ಳುವ ಮೊದಲು ಲೈನರಿನ ಮೇಲ್ತುದಿಯಲ್ಲಿ ಎದ್ದಿರುವ ಏಣನ್ನು ತೆಗೆಯದಿದ್ದರೆ ಪಿಸ್ಟನ್ನಿನಲ್ಲಿ ರಿಂಗುಗಳ ನಡುವಿನ ಅಡ್ಡಪಟ್ಟಿ ಒಡೆಯುತ್ತದೆ.

ಅಳತೆ, ಲೇತ್ ಅಂಗಡಿ, ತೊಳೆಯುವ ಕೆಲಸ

ಲೈನರನ್ನು ಮೇಲೆ, ನಡುವೆ, ಕೆಳಗೆ ಮೂರು ಮಟ್ಟದಲ್ಲಿ, ಪ್ರತಿ ಮಟ್ಟದಲ್ಲೂ ಕ್ರ್ಯಾಂಕಿನ ಉದ್ದಕ್ಕೆ ಒಂದು ಸಲ ಮತ್ತು ಅಡ್ಡಕ್ಕೆ ಒಂದು ಸಲ, ಒಟ್ಟು ಆರು ಅಳತೆ ತೆಗೆಯಬೇಕು. ಮೇಲಿನ ರಿಂಗು ತಿರುಗಿ ಇಳಿಯುವ ಜಾಗದಲ್ಲಿ ಸವೆತ ಅತಿ ಹೆಚ್ಚು. ಕ್ರ್ಯಾಂಕ್ ಜರ್ನಲ್ಲುಗಳನ್ನು (ಬೇರಿಂಗಿನೊಳಗೆ ತಿರುಗುವ ದುಂಡು ಭಾಗಗಳನ್ನು) ಮೈಕ್ರೋಮೀಟರಿನಲ್ಲಿ ಎರಡು ದಿಕ್ಕಿನಿಂದ ಅಳೆದು ಅಂಡಾಕಾರವಾಗಿದೆಯೇ ನೋಡಿ. ಗ್ರೈಂಡಿಂಗಿಗೆ ಕೊಡುವಾಗ 0.25, 0.50, 0.75 ಮಿ.ಮೀ. ಎಂಬ ಕ್ರಮದಲ್ಲಿ, ಸಣ್ಣಗಾದ ಜರ್ನಲ್ಲಿಗೆ ಹೊಂದುವ ಅಂಡರ್ ಸೈಜ್ ಬೇರಿಂಗುಗಳು ಸಿಗುತ್ತವೆ. ಅಂಗಡಿಗಳಲ್ಲಿ ಇವನ್ನೇ 10, 20, 30 ಸೈಜ್ ಎನ್ನುತ್ತಾರೆ. ಬೇರಿಂಗ್ ಸೆಟ್ ಕೈಗೆ ಬಂದ ಮೇಲೆಯೇ ಕ್ರ್ಯಾಂಕ್ ಗ್ರೈಂಡ್ ಮಾಡಿಸಬೇಕು, ಏಕೆಂದರೆ ಹಳೆಯ ಮಾದರಿಗೆ ಬೇಕಾದ ಸೈಜ್ ಹಾಸನದಲ್ಲಿ ಸಿಗದೆ ಬೆಂಗಳೂರಿನಿಂದ ತರಿಸಬೇಕಾಗಿ ಬರಬಹುದು. ಜರ್ನಲ್ಲಿನ ಅಂಚಿನಲ್ಲಿ ಇರುವ ದುಂಡನೆಯ ತಿರುವನ್ನು ಗ್ರೈಂಡಿಂಗಿನಲ್ಲಿ ಚೂಪಾಗಿ ಕತ್ತರಿಸಿಬಿಟ್ಟರೆ ಕ್ರ್ಯಾಂಕ್ ಮುಂದೆ ಅಲ್ಲಿಂದಲೇ ಬಿರುಕು ಬಿಡುತ್ತದೆಂಬುದನ್ನು ಕೊಡುವಾಗಲೇ ಹೇಳಿಬಿಡಬೇಕು.

ಮೊದಲ ಸಲ ಇಂಜಿನ್ ಕಟ್ಟಿದಾಗ ನಾನು ಮಾಡಿದ ದೊಡ್ಡ ತಪ್ಪು ಇಲ್ಲಿಯದು. ಗ್ರೈಂಡಿಂಗಿನಿಂದ ಹೊಳೆಯುತ್ತ ಬಂದ ಕ್ರ್ಯಾಂಕನ್ನು ಹೊರಗಿನಿಂದ ಒರೆಸಿ ಕೂರಿಸಿದೆ. ಅದರೊಳಗಿನ ಎಣ್ಣೆ ದಾರಿಗಳಲ್ಲಿ ಕೂತಿದ್ದ ಕಲ್ಲುಪುಡಿಯನ್ನು ತೆಗೆಯಲಿಲ್ಲ. ಹದಿನೈದು ದಿನ ಕಳೆಯುವ ಮೊದಲೇ ಎಣ್ಣೆಯ ಪ್ರೆಷರ್ ಇಳಿದು, ಸಂಪ್ ಬಿಚ್ಚಿದಾಗ ಎರಡನೆಯ ಸಿಲಿಂಡರಿನ ಬೇರಿಂಗ್ ತುಂಬ ಗೀರು ಬಿದ್ದಿತ್ತು. ಅಂದಿನಿಂದ ಕ್ರ್ಯಾಂಕಿನ ಮತ್ತು ಬ್ಲಾಕಿನ ಎಣ್ಣೆ ದಾರಿಯ ಪ್ಲಗ್ಗುಗಳನ್ನೆಲ್ಲ ತೆಗೆದು, ಉದ್ದನೆಯ ಬ್ರಷ್ಷಿನಿಂದ ಉಜ್ಜಿ, ಡೀಸೆಲ್ ಹಾಯಿಸಿ, ಕಂಪ್ರೆಸರಿನ ಗಾಳಿ ಊದಿ, ಇನ್ನೊಂದು ತುದಿಯಲ್ಲಿ ಹಿಡಿದ ಬಿಳಿ ಬಟ್ಟೆ ಕೊಳೆಯಾಗದ ತನಕ ಬಿಡುವುದಿಲ್ಲ.

ಹೋನಿಂಗ್ ಆದ ಲೈನರನ್ನು ತೊಳೆಯುವ ಬಗೆಯೂ ಅಷ್ಟೇ ಮುಖ್ಯ. ಸೀಮೆಎಣ್ಣೆಯೋ ಡೀಸೆಲ್ಲೋ ಆ ಕಲ್ಲುಪುಡಿಯನ್ನು ಗೆರೆಗಳೊಳಗಿಂದ ಪೂರ್ತಿ ಹೊರತರುವುದಿಲ್ಲ. ಬಿಸಿನೀರು, ಸೋಪಿನ ಪುಡಿ ಮತ್ತು ಗಟ್ಟಿ ಬ್ರಷ್ಷಿನಿಂದ ಪಾತ್ರೆ ತಿಕ್ಕಿದಂತೆ ತಿಕ್ಕಿ, ಒಣಗಿಸಿ, ಕೂಡಲೇ ಇಂಜಿನ್ ಎಣ್ಣೆ ಸವರಬೇಕು.

ನೀರು ತಾಗುವ ಲೈನರಾದರೆ ಬ್ಲಾಕಿನಲ್ಲಿ ಅದು ಕೂರುವ ಜಾಗದ ತುಕ್ಕನ್ನು ಪೂರ್ತಿ ಕೆರೆದು, ಮೊದಲು ರಬ್ಬರ್ ರಿಂಗಿಲ್ಲದೆ ಕೂರಿಸಿ, ಅದರ ಕಂಠ ಬ್ಲಾಕಿನ ಮಟ್ಟಕ್ಕಿಂತ ಎಷ್ಟು ಮೇಲಿದೆಯೆಂದು ಅಳೆಯಬೇಕು. ಎಲ್ಲ ಲೈನರುಗಳೂ ಪುಸ್ತಕ ಹೇಳುವಷ್ಟು, ಅಂದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿ, ಸಮನಾಗಿ ಎದ್ದಿರದಿದ್ದರೆ ಹೆಡ್ ಗ್ಯಾಸ್ಕೆಟ್ ಬಾಳುವುದಿಲ್ಲ. ರಬ್ಬರ್ ರಿಂಗ್ ಹಾಕಿ ಕೂರಿಸಿದ ಮೇಲೆ, ಸಂಪ್ ಕಟ್ಟುವ ಮೊದಲು, ಬ್ಲಾಕಿನ ನೀರಿನ ಕೋಣೆಗೆ ನೀರು ತುಂಬಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕೆಳಗಿನಿಂದ ಒಂದು ಹನಿ ಕಂಡರೂ ಲೈನರನ್ನು ಮತ್ತೆ ತೆಗೆಯಬೇಕು. ಸಂಪ್ ಕಟ್ಟಿದ ಮೇಲೆ ಗೊತ್ತಾದರೆ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿ ಹೊಸ ಬೇರಿಂಗುಗಳೂ ಹೋಗುತ್ತವೆ.

ಜೋಡಿಸುವುದು

ಹೊಸ ರಿಂಗನ್ನು ಪೊಟ್ಟಣದಿಂದ ತೆಗೆದು ನೇರವಾಗಿ ಪಿಸ್ಟನ್ನಿಗೆ ಹಾಕಬಾರದು. ಒಂದೊಂದನ್ನೂ ಅದರದೇ ಲೈನರಿನೊಳಗೆ ಇಟ್ಟು, ತಲೆಕೆಳಗು ಮಾಡಿದ ಪಿಸ್ಟನ್ನಿನಿಂದ ಸಮವಾಗಿ ಒಳಕ್ಕೆ ತಳ್ಳಿ, ಎರಡು ತುದಿಗಳ ನಡುವಿನ ಅಂತರವನ್ನು ಫೀಲರ್ ಗೇಜಿನಲ್ಲಿ ನೋಡಬೇಕು. 90 ಮಿ.ಮೀ. ಆಸುಪಾಸಿನ ಬೋರಿಗೆ ಅದು ಸುಮಾರು 0.30ರಿಂದ 0.45 ಮಿ.ಮೀ. ಇರುತ್ತದೆ. ಅಂತರ ತೀರ ಕಡಿಮೆಯಾದರೆ ಬಿಸಿಗೆ ಹಿಗ್ಗಿದಾಗ ತುದಿಗಳು ಒಂದಕ್ಕೊಂದು ಒತ್ತಿ ಲೈನರನ್ನು ಗೀರುತ್ತವೆ. ರಿಂಗುಗಳ ಬಾಯಿಗಳು ಒಂದರ ಕೆಳಗೊಂದು ಬರದಂತೆ ಸುತ್ತಲೂ ಹಂಚಿಡಬೇಕು.

ಹೆಡ್ಡನ್ನು ನೇರ ಪಟ್ಟಿಯಿಟ್ಟು ನೋಡಿದಾಗ 0.10 ಮಿ.ಮೀ. ಫೀಲರ್ ಒಳಹೋಗುವಂತಿದ್ದರೆ ಫೇಸಿಂಗಿಗೆ ಕೊಡುವ ವಿಚಾರ ಮಾಡಬೇಕು. ವಾಲ್ವುಗಳ ನಡುವಿನ ತೆಳು ಗೋಡೆಯಲ್ಲಿ ಬಿರುಕು ಹುಡುಕಬೇಕು. ವಾಲ್ವ್ ಉಜ್ಜಿದ ಮೇಲೆ ಪೋರ್ಟಿಗೆ ಸೀಮೆಎಣ್ಣೆ ಸುರಿದು ಸೀಟಿನ ಬಳಿ ಜಿನುಗುತ್ತದೆಯೇ ನೋಡಿ. ಹೆಡ್ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು.

ಟೈಮಿಂಗ್ ಗೇರುಗಳ ಗುರುತು ಸೇರಿಸಿ ಕೂರಿಸಿದ ಮೇಲೆ ಇಂಜಿನ್ ಎರಡು ಸುತ್ತು ತಿರುಗಿಸಿದರೆ ನಡುವಿನ ಐಡ್ಲರ್ ಗೇರಿನ ಗುರುತು ಮತ್ತೆ ಅದೇ ಜಾಗಕ್ಕೆ ಬರದಿರಬಹುದು. ಹಲ್ಲುಗಳ ಲೆಕ್ಕ ಹಾಗೆ ಇರುವುದರಿಂದ ಇದು ಸಹಜ. ಗಾಬರಿಯಿಂದ ಮತ್ತೆ ಬಿಚ್ಚಿ ಹಲ್ಲು ತಪ್ಪಿಸಬಾರದು.

ನಾಜಲ್ಲುಗಳಿಗೆ ಡೀಸೆಲ್ ತಳ್ಳುವ ಪಂಪನ್ನು ಮನೆಯಲ್ಲಿ ಬಿಚ್ಚಬೇಡಿ. ಹಳೆಯ ಟ್ರ್ಯಾಕ್ಟರುಗಳ ಮೇಲೆ ಈಗಲೂ ಕಾಣುವ ಮೈಕೋ ಎಂಬ ಹೆಸರು ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯದು, 2008ರಿಂದ ಆ ಕಂಪನಿಯ ಹೆಸರು ಬಾಷ್ ಲಿಮಿಟೆಡ್. ಆ ಪಂಪಿನ ಪ್ಲಂಜರುಗಳು ಮೈಕ್ರಾನ್ ಅಳತೆಯಲ್ಲಿ ಜೋಡಿಯಾದವು, ಅವುಗಳ ಕೆಲಸ ಟೆಸ್ಟ್ ಬೆಂಚ್ ಇರುವಲ್ಲಿಯೇ ಆಗಬೇಕು. ನಾಜಲ್ ಕೂರಿಸುವಾಗ ರಂಧ್ರದ ತಳದಲ್ಲಿ ಹಳೆಯ ತಾಮ್ರದ ವಾಷರ್ ಅಂಟಿಕೊಂಡಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ಅದರ ಮೇಲೆ ಇನ್ನೊಂದು ಹಾಕಿದರೆ ನಾಜಲ್ ಎತ್ತರಕ್ಕೆ ಕೂತು ಹೊಗೆ ಶುರುವಾಗುತ್ತದೆ. ನಾಜಲ್ ಪರೀಕ್ಷಿಸುವಾಗ ಸಿಂಪಡಣೆಯ ಮುಂದೆ ಕೈ ಒಡ್ಡಲೇಬಾರದು, ಆ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ.

ಮೊದಲ ಸಲ ಚಾಲೂ ಮಾಡುವ ಮುನ್ನ ಫಿಲ್ಟರಿನಿಂದ ಆರಂಭಿಸಿ, ಪಂಪ್, ಆಮೇಲೆ ನಾಜಲ್ ಪೈಪುಗಳ ನಟ್ಟು ಎಂಬ ಕ್ರಮದಲ್ಲಿ ಏರ್ ತೆಗೆಯಬೇಕು. ಡೀಸೆಲ್ ನಿಲ್ಲಿಸುವ ಸ್ಟಾಪ್ ಎಳೆದು ಹಿಡಿದು, ಹತ್ತು ಹದಿನೈದು ಸೆಕೆಂಡು ಸೆಲ್ಫ್ (ಸ್ಟಾರ್ಟರ್ ಮೋಟರು) ಹೊಡೆದು, ಅದು ತಣಿಯಲು ಬಿಟ್ಟು, ಎಣ್ಣೆಯ ಗೇಜು ಏಳುವ ತನಕ ಹೀಗೆ ಮಾಡಬೇಕು. ಪಂಪಿನ ರ‍್ಯಾಕ್ (ಡೀಸೆಲ್ ಪ್ರಮಾಣ ಹೊಂದಿಸುವ ಸರಳು) ಸಿಕ್ಕಿಕೊಂಡು ಇಂಜಿನ್ ಹಿಡಿತ ತಪ್ಪಿ ಓಡಿದರೆ ಗಾಳಿಯ ಬಾಯಿಯನ್ನು ಮುಚ್ಚಲು ಒಂದು ಮರದ ಹಲಗೆ ಕೈಗೆ ಸಿಗುವಂತಿರಲಿ; ಬಟ್ಟೆಯಾದರೆ ಒಳಕ್ಕೆ ಎಳೆದುಕೊಳ್ಳುತ್ತದೆ, ಕೈಯಿಂದಂತೂ ಮುಚ್ಚಬಾರದು. ಹೊಸ ಇಂಜಿನ್ನನ್ನು ದಿನವಿಡೀ ಸ್ಲೋನಲ್ಲಿ ಬಿಡುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ, ಅದನ್ನು ನಾನು ಒಪ್ಪುವುದಿಲ್ಲ. ಭಾರವಿಲ್ಲದೆ ಓಡಿದರೆ ರಿಂಗು ಲೈನರಿಗೆ ಹೊಂದಿಕೊಳ್ಳುವ ಮೊದಲೇ ಲೈನರಿನ ಗೆರೆಗಳು ಗಾಜಿನಂತೆ ನುಣುಪಾಗುತ್ತವೆ. ಸೋರಿಕೆ ನೋಡಿ, ಬಿಸಿಯಾದ ಕೂಡಲೇ ಟ್ರೈಲರ್ ಎಳೆಯುವಂಥ ಸಾಧಾರಣ ಭಾರ ಕೊಡಬೇಕು. ಮೊದಲ ದಿನಗಳಲ್ಲಿ ಆಳದ ಉಳುಮೆ ಮಾತ್ರ ಬೇಡ.

ಸೆಲ್ಫ್, ಡೈನಮೋ, ವೈರಿಂಗ್

ಎರಡನೆಯ ಸಲ ಇಂಜಿನ್ ಕಟ್ಟಿ, ಅಂದವಾಗಿ ಬಣ್ಣ ಹೊಡೆದು, ಕೀಲಿ ತಿರುಗಿಸಿದಾಗ ಸೆಲ್ಫ್ ನರಳಿ ನಿಂತುಬಿಟ್ಟಿತು. ನೋಡಲು ಬಂದ ಹಿರಿಯರೊಬ್ಬರು, “ಹೊಸ ಪಿಸ್ಟನ್ ಬಿಗಿ ಇರ್ತದೆ ಕಣಪ್ಪ, ಇಳಿಜಾರಿಗೆ ಬಿಟ್ಟು ಎಬ್ಬಿಸು,” ಎಂದರು. ಇಂಜಿನ್ ನಿಜಕ್ಕೂ ಬಿಗಿಯಾಗಿತ್ತು, ಆದರೆ ಮೀಟರು ಬೇರೆಯೇ ಹೇಳಿತು. ಬ್ಯಾಟರಿಯ ಮೈನಸ್ ಕಂಬಕ್ಕೆ ಒಂದು ಕಡ್ಡಿ, ಇಂಜಿನ್ ಬ್ಲಾಕಿನ ಬರಿಯ ಕಬ್ಬಿಣಕ್ಕೆ ಇನ್ನೊಂದು ಕಡ್ಡಿ ತಾಗಿಸಿ, ಮಗನಿಗೆ ಸೆಲ್ಫ್ ಹೊಡೆಯಲು ಹೇಳಿದಾಗ ಮೀಟರಿನಲ್ಲಿ ಸುಮಾರು 3 ವೋಲ್ಟ್ ಕಂಡಿತು. ಅರ್ಥ್ ದಾರಿ, ಅಂದರೆ ಕರೆಂಟು ಬಾಡಿಯ ಕಬ್ಬಿಣದ ಮೂಲಕ ಬ್ಯಾಟರಿಗೆ ಮರಳುವ ದಾರಿ, ಸರಿಯಿದ್ದರೆ ಅಲ್ಲಿ 0.2 ವೋಲ್ಟಿಗಿಂತ ಹೆಚ್ಚು ಬರಬಾರದು. ಅರ್ಥ್ ಪಟ್ಟಿ ಕೂತಿದ್ದ ಜಾಗದಲ್ಲಿ ಹೊಸ ಬಣ್ಣ ದಪ್ಪಗೆ ಕೂತಿತ್ತು, ಸೆಲ್ಫ್ ಮೋಟರಿನ ಫ್ಲೇಂಜಿನ ಕೆಳಗೂ ಹಾಗೆಯೇ. ಎರಡನ್ನೂ ಕೆರೆದು, ಹೊಳಪು ಬಂದ ಮೇಲೆ ಕಟ್ಟಿ, ಹೊರಗಿನಿಂದ ಗ್ರೀಸ್ ಸವರಿದೆ; ಅದೇ ಬ್ಯಾಟರಿಯಲ್ಲಿ ಇಂಜಿನ್ ಎದ್ದಿತು. ಇಂಜಿನ್ ಬಿಚ್ಚಿ ಕಟ್ಟಿದ ಬಳಿಕ ಬರುವ ಕರೆಂಟ್ ದೋಷಗಳಲ್ಲಿ ಇಂಥ ಅರ್ಥ್ ದೋಷವನ್ನೇ ಮೊದಲು ಹುಡುಕಬೇಕು.

ಈ ಪರೀಕ್ಷೆಗೆ ಮೊದಲು ಬ್ಯಾಟರಿಯ ಸ್ಥಿತಿ ತಿಳಿದಿರಬೇಕು. ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, 12.0 ತೋರಿಸಿದರೆ ಅದು ಬಹುತೇಕ ಖಾಲಿ. ಸೆಲ್ಫ್ ಹೊಡೆಯುವಾಗ ಕಂಬಗಳ ನಡುವೆ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನೇ ಸಂಶಯಿಸಬೇಕು. ಅದು ಸರಿಯಿದ್ದರೆ ಪ್ಲಸ್ ಕಂಬದಿಂದ ಸೆಲ್ಫ್ ಮೋಟರಿನ ದಪ್ಪ ಟರ್ಮಿನಲ್‌ವರೆಗೆ ಇದೇ ರೀತಿ ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ನಷ್ಟ ಕಂಡರೆ ಕೇಬಲ್, ಲಗ್ಗು ಅಥವಾ ಸೆಲ್ಫಿಗೆ ಕರೆಂಟು ಹಾಯಿಸುವ ಸ್ವಿಚ್ಚಾದ ಸಾಲಿನಾಯ್ಡಿನ ಒಳಗಿನ ತಾಮ್ರದ ಬಿಲ್ಲೆ ಸುಟ್ಟಿರುತ್ತದೆ. ಎರಡೂ ಕಡೆ ನಷ್ಟವಿಲ್ಲದೆ ಸೆಲ್ಫ್ ನಿಧಾನವಾದರೆ ಮಾತ್ರ ಮೋಟರು ಬಿಚ್ಚಿ ಕಾರ್ಬನ್ ಬ್ರಷ್, ಬುಶ್, ಆರ್ಮೇಚರ್ ನೋಡಬೇಕು. ಕೆಸರುಗದ್ದೆ ಉಳುವ ಟ್ರ್ಯಾಕ್ಟರಿನಲ್ಲಿ ಬುಶ್ ಸವೆದು ಆರ್ಮೇಚರ್ ಒಳಗೆ ಉಜ್ಜುವುದು ಸಾಮಾನ್ಯ.

ಒಮ್ಮೆ ಎದ್ದ ಹಳೆಯ ಡೀಸೆಲ್ ಇಂಜಿನ್ನಿಗೆ ಓಡಲು ಕರೆಂಟು ಬೇಡ. ಅದಕ್ಕಾಗಿಯೇ ನಮ್ಮ ಕಡೆ ಟ್ರ್ಯಾಕ್ಟರನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಉರುಳಿಸಿ ಎಬ್ಬಿಸುತ್ತ, ಚಾರ್ಜಿಂಗ್ ದೋಷವನ್ನು ತಿಂಗಳುಗಟ್ಟಲೆ ಮುಂದಕ್ಕೆ ತಳ್ಳುತ್ತಾರೆ. ಅದಕ್ಕಿಂತ ಭಯಂಕರವಾದದ್ದು ನೆಲದ ಮೇಲೆ ಚಕ್ರದ ಪಕ್ಕ ನಿಂತು ಸ್ಪ್ಯಾನರಿನಿಂದ ಸೆಲ್ಫಿನ ಟರ್ಮಿನಲ್ಲುಗಳನ್ನು ಶಾರ್ಟ್ ಮಾಡುವುದು. ಟ್ರ್ಯಾಕ್ಟರು ಗೇರಿನಲ್ಲಿದ್ದರೆ ಎದ್ದ ಕ್ಷಣವೇ ಹಿಂದಿನ ಚಕ್ರ ಮನುಷ್ಯನ ಮೇಲೆ ಹತ್ತುತ್ತದೆ. ದಯವಿಟ್ಟು ಇದನ್ನು ಯಾರೂ ಮಾಡಬೇಡಿ, ಮನೆಯ ಹುಡುಗರಿಗೆ ಕಲಿಸಬೇಡಿ.

ಚಾರ್ಜಿಂಗ್ ನೋಡಲು ಇಂಜಿನ್ ಮಧ್ಯಮ ವೇಗದಲ್ಲಿದ್ದಾಗ ಬ್ಯಾಟರಿ ಕಂಬಗಳಲ್ಲಿ ಅಳೆಯಬೇಕು, 13.8ರಿಂದ 14.4 ವೋಲ್ಟ್ ಇದ್ದರೆ ಸರಿ. ಡೈನಮೋ ಬದಲು ಆಲ್ಟರ್ನೇಟರ್ ಇದ್ದು ಚಾರ್ಜ್ ಬರದಿದ್ದರೆ ಮೊದಲು ಡ್ಯಾಶಿನ ಚಾರ್ಜಿಂಗ್ ದೀಪ ನೋಡಿ, ಏಕೆಂದರೆ ಅನೇಕ ಮಾದರಿಗಳಲ್ಲಿ ಫೀಲ್ಡಿಗೆ (ಕಾಂತಶಕ್ತಿ ಹುಟ್ಟಿಸುವ ಸುರುಳಿಗೆ) ಮೊದಲ ಕರೆಂಟು ಆ ಬಲ್ಬಿನ ಮೂಲಕವೇ ಹೋಗುತ್ತದೆ. ಬಲ್ಬು ಸುಟ್ಟಿದ್ದರೆ ಚೆನ್ನಾಗಿರುವ ಆಲ್ಟರ್ನೇಟರೂ ಕೆಲಸ ಆರಂಭಿಸುವುದಿಲ್ಲ. ಡೈನಮೋ ಆದರೆ ಡಿ ಮತ್ತು ಎಫ್ ಎಂಬ ಎರಡೂ ವೈರುಗಳನ್ನು ಡೈನಮೋದಿಂದ ಬಿಡಿಸಿ, ಇಂಜಿನ್ ಸ್ಲೋನಲ್ಲಿರುವಾಗ ಡಿ ಟರ್ಮಿನಲ್ಲಿಗೂ ಬಾಡಿಗೂ ನಡುವೆ ಅಳೆಯಿರಿ. ಒಂದೆರಡು ವೋಲ್ಟ್ ಬಂದರೆ ಉಳಿದ ಕಾಂತಶಕ್ತಿ ಇದೆ. ಡಿ ಮತ್ತು ಎಫ್ ಸೇರಿಸಿ ವೇಗವನ್ನು ಮೆಲ್ಲಗೆ ಹೆಚ್ಚಿಸಿದಾಗ ವೋಲ್ಟ್ ಸರಸರನೆ ಏರಬೇಕು. 20 ದಾಟಲು ಬಿಡಬಾರದು. ಹೀಗೆ ಏರಿದರೆ ಡೈನಮೋ ಸರಿಯಿದೆ, ದೋಷ ಚಾರ್ಜ್ ನಿಯಂತ್ರಿಸುವ ಕಟೌಟ್ ರೆಗ್ಯುಲೇಟರಿನಲ್ಲೋ ಅದರ ಅರ್ಥಿನಲ್ಲೋ ವೈರಿನಲ್ಲೋ ಇದೆ. ಬಹುಕಾಲ ನಿಂತು ಕಾಂತಶಕ್ತಿ ಹೋಗಿದ್ದರೆ ಎಫ್ ವೈರನ್ನು ಬಿಡಿಸಿಟ್ಟು, (ಮೈನಸ್ ಕಂಬ ಬಾಡಿಗೆ ಸೇರಿದ್ದರೆ) ಬ್ಯಾಟರಿಯ ಪ್ಲಸ್ಸಿನಿಂದ ತಂದ ತಂತಿಯನ್ನು ಡೈನಮೋದ ಎಫ್ ಟರ್ಮಿನಲ್ಲಿಗೆ ಒಂದೆರಡು ಸಲ ಕ್ಷಣಮಾತ್ರ ತಾಗಿಸಬೇಕು.

ಡೈನಮೋ ತೆಗೆದು ಆಲ್ಟರ್ನೇಟರ್ ಹಾಕುವವರು ಮೊದಲು ಬಾಡಿಗೆ ಬ್ಯಾಟರಿಯ ಯಾವ ಕಂಬ ಸೇರಿದೆಯೆಂದು ನೋಡಬೇಕು. ಬ್ರಿಟಿಷ್ ವಿನ್ಯಾಸದ ಕೆಲವು ಹಳೆಯ ಟ್ರ್ಯಾಕ್ಟರುಗಳಲ್ಲಿ ಪ್ಲಸ್ ಅರ್ಥ್ ಇರುತ್ತಿತ್ತು. ಹಾಗೆಯೇ ಜೋಡಿಸಿದರೆ ಡಯೋಡುಗಳು ಆ ಕ್ಷಣವೇ ಸುಡುತ್ತವೆ. ಟ್ರ್ಯಾಕ್ಟರಿಗೆ ವೆಲ್ಡಿಂಗ್ ಮಾಡಿಸುವಾಗಲೂ ಆಲ್ಟರ್ನೇಟರಿನ ವೈರು ಬಿಡಿಸಬೇಕು. ಹಳೆಯ ಡೈನಮೋಗಳ ಶಕ್ತಿ 11ರಿಂದ 22 ಆಂಪಿಯರ್ ಮಾತ್ರ. 55 ವಾಟಿನ ಎರಡು ದೀಪಗಳೇ ಸುಮಾರು 9 ಆಂಪಿಯರ್ ಎಳೆಯುವುದರಿಂದ, ರಾತ್ರಿ ಉಳುಮೆಗೆ ಹೆಚ್ಚುವರಿ ಲೈಟು ಹಾಕಿದವರ ಬ್ಯಾಟರಿ ಬೆಳಿಗ್ಗೆ ಖಾಲಿಯಾಗಿರುವುದಕ್ಕೆ ಬೇರೆ ದೋಷ ಹುಡುಕಬೇಕಾಗಿಲ್ಲ.

ರಾತ್ರಿ ನಿಂತಲ್ಲೇ ಬ್ಯಾಟರಿ ಇಳಿದರೆ ಮೈನಸ್ ಕೇಬಲ್ ಬಿಡಿಸಿ, ಅದಕ್ಕೂ ಕಂಬಕ್ಕೂ ನಡುವೆ ಸಣ್ಣ ಟೆಸ್ಟ್ ಲ್ಯಾಂಪ್ ಸೇರಿಸಿ. ಎಲ್ಲ ಸ್ವಿಚ್ಚುಗಳು ಆಫ್ ಇದ್ದೂ ಅದು ಉರಿದರೆ ಎಲ್ಲೋ ಕರೆಂಟು ಸೋರುತ್ತಿದೆ; ಒಂದೊಂದೇ ವೈರು ಬಿಡಿಸುತ್ತ ಹೋಗಿ, ಯಾವುದನ್ನು ತೆಗೆದಾಗ ದೀಪ ಆರುತ್ತದೋ ಆ ದಾರಿಯನ್ನು ಹಿಡಿಯಬೇಕು. ಒಕ್ಕಣೆ ಮುಗಿದ ಮೇಲೆ ಹುಲ್ಲಿನ ಕೊಟ್ಟಿಗೆಯಲ್ಲಿ ನಿಲ್ಲಿಸಿದ ಟ್ರ್ಯಾಕ್ಟರಿನಲ್ಲಿ ಇಲಿ ಕಡಿದ ವೈರು ಡ್ಯಾಶಿನ ಹಿಂದೆ ಸಿಗುವುದು ಹೆಚ್ಚು. ಕಾಫಿ, ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಬಳಸುವ ಟ್ರ್ಯಾಕ್ಟರಾದರೆ ಮೈಲುತುತ್ತದ ನೀರು ಚೆಲ್ಲಿದ ಕಡೆಯಲ್ಲೆಲ್ಲ ಕಬ್ಬಿಣದ ನಟ್ಟು ಮತ್ತು ಅರ್ಥ್ ಜಾಗಗಳು ಬೇಗ ತಿಂದುಹೋಗುತ್ತವೆ, ಸಿಂಪಡಣೆ ಮುಗಿದ ದಿನವೇ ಒಳ್ಳೆಯ ನೀರಿನಿಂದ ತೊಳೆಯಬೇಕು. ಕೆಟ್ಟ ವೈರಿಗೆ ಟೇಪು ಸುತ್ತುವ ಬದಲು ಆ ತುಂಡನ್ನು ಕತ್ತರಿಸಿ, ಅಷ್ಟೇ ದಪ್ಪದ ಹೊಸ ವೈರನ್ನು ಬೆಸುಗೆ ಹಾಕಿ ತೋಳು ತೊಡಿಸಿ, ಪ್ರತಿ ದಾರಿಗೂ ಫ್ಯೂಸ್ ಇಡುವುದು ಸರಿಯಾದ ಕ್ರಮ.

ಇಂಜಿನ್ 25ರಿಂದ 50 ಗಂಟೆ ದುಡಿದ ಮೇಲೆ ಮೊದಲ ಎಣ್ಣೆ ಮತ್ತು ಫಿಲ್ಟರನ್ನು ಬದಲಿಸಿ, ಪುಸ್ತಕ ಹೇಳಿದ್ದರೆ ಹೆಡ್ ಬೋಲ್ಟುಗಳನ್ನು ಮತ್ತೆ ಟಾರ್ಕಿಗೆ ತಂದು, ಆಮೇಲೆ ಟ್ಯಾಪೆಟ್ ಅಂತರ (ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು) ಹೊಂದಿಸಬೇಕು. ಹೆಡ್ ಬಿಗಿದರೆ ಟ್ಯಾಪೆಟ್ ಬದಲಾಗುವುದರಿಂದ ಈ ಕ್ರಮ ತಿರುವುಮುರುವಾಗಬಾರದು. ಅದೇ ದಿನ ಅರ್ಥ್ ದಾರಿಯ ವೋಲ್ಟ್ ನಷ್ಟವನ್ನೂ ಚಾರ್ಜಿಂಗ್ ವೋಲ್ಟನ್ನೂ ಅಳೆದು, ತಾರೀಖಿನೊಂದಿಗೆ ಟೂಲ್ ಬಾಕ್ಸಿನ ಪುಸ್ತಕದಲ್ಲಿ ಬರೆದಿಡಿ.